ಹಾರಂಗಿ ಹಿನ್ನೀರಿನಲ್ಲಿ ದೋಣಿ, ಡೇರೆ ಮತ್ತು ನಮ್ಮನೆ ಮಂದಿ

ಹಾರಂಗಿ ಜಲಾಶಯ ಅಂದರೆ ಕೊಡಗಿನ ಕುಶಾಲನಗರದ ನಮಗೆ ಮಳೆಗಾಲದ ಸುದ್ದಿ. ಜೂನ್ ಕಳೆಯುತ್ತಿದ್ದ ಹಾಗೆ ಪೇಪರಿನಲ್ಲಿ ದಿನಾ ಅದೇ ಸಾಲು. ಗರಿಷ್ಠ ಮಟ್ಟ 2859 ಅಡಿ, ಇವತ್ತಿನ ಮಟ್ಟ ಇಷ್ಟು, ಒಳಹರಿವು ಇಷ್ಟು, ಹೊರಹರಿವು ಇಷ್ಟು. ತುಂಬಲಿ ಅಂತ ಕಾಯುತ್ತೇವೆ. ತುಂಬಿದ ಮೇಲೆ ಒಂದೇ ಸಲ ಜಾಸ್ತಿ ನೀರು ಬಿಟ್ಟರೆ ಕೂಡಿಗೆ ಕಡೆ ಹೊಳೆ ದಂಡೆಯಲ್ಲಿ ಇರುವವರ ಪಾಡೇನು ಅಂತ ಹೆದರುತ್ತೇವೆ. ನಾಲ್ಕೂ ಕ್ರಸ್ಟ್ ಗೇಟ್ ತೆಗೆದ ದಿನ ಸ್ಕೂಟರ್ ಹತ್ತಿ ಹೋಗಿ, ನೊರೆ ನೋಡಿ, ಸುಟ್ಟ ಜೋಳ ತಿಂದು ಮನೆಗೆ ಬರುತ್ತೇವೆ. ಅಷ್ಟೇ ನಮ್ಮ ಹಾರಂಗಿ.

ಆದರೆ ಆ 846 ಮೀಟರ್ ಉದ್ದದ ಕಟ್ಟೆಯ ಹಿಂದೆ ಇನ್ನೊಂದು ಹಾರಂಗಿ ಇದೆ. ನೀರು ಗುಡ್ಡಗಳ ಸಂದಿಗೆಲ್ಲ ಹೊಕ್ಕು, ಎಲ್ಲೋ ಕಾಫಿ ತೋಟದ ಅಂಚಿಗೆ, ಎಲ್ಲೋ ಕಾಡಿನ ಬುಡಕ್ಕೆ ತಾಗಿಕೊಂಡು ನಿಂತಿದೆ. ರಸ್ತೆಯಿಂದ ಅದು ಕಾಣುವುದೇ ಇಲ್ಲ. ಅಣೆಕಟ್ಟು ಊರಿನಿಂದ 9 ಕಿಲೋಮೀಟರ್. ಹುಟ್ಟಿದಾಗಿನಿಂದ ಇಲ್ಲೇ ಇರುವ ಎಷ್ಟೋ ಜನ ಕಟ್ಟೆಯ ಆ ಕಡೆ ನೀರನ್ನು ಹತ್ತಿರದಿಂದ ನೋಡಿಲ್ಲ. ಅದನ್ನು ನೋಡಬೇಕು, ಅದೂ ನೀರಿನ ಮೇಲಿಂದಲೇ ನೋಡಬೇಕು ಅನ್ನುವುದು ನನ್ನ ಬಹಳ ದಿನದ ಆಸೆ. ಕ್ರಿಸ್‌ಮಸ್ ರಜೆಯಲ್ಲಿ ಕೂಡಿ ಬಂತು.

ಹೊರಟವರು ನಾನು, ನಮ್ಮನೆಯವರು, ಆರನೇ ಕ್ಲಾಸಿನ ಮಗಳು, ಮೈಸೂರಿನಿಂದ ಅಣ್ಣ ಅತ್ತಿಗೆ, ಒಂದನೇ ಕ್ಲಾಸಿನ ಅವರ ಮಗ, ಜೊತೆಗೆ ಅರವತ್ತೆಂಟು ದಾಟಿದ ಅಮ್ಮ. ದೋಣಿ ಅಣ್ಣನದು. ಗಾಳಿ ತುಂಬಿಸುವ ಕನೂ, ಮೂರು ಜನ ಕೂರಬಹುದು, ಮಡಚಿದರೆ ಕಾರಿನ ಡಿಕ್ಕಿಯಲ್ಲಿ ಹಿಡಿಸುತ್ತದೆ. ಅಣ್ಣನ ಕಾಲೇಜು ಗೆಳೆಯರೊಬ್ಬರ ತೋಟ ಸುಂಟಿಕೊಪ್ಪದ ಕಡೆಯಿಂದ ಒಳಗೆ ಹೋದರೆ ಹಿನ್ನೀರಿಗೇ ತಾಗಿಕೊಂಡಿದೆ. ಅವರಲ್ಲಿ ಇಬ್ಬರು ಕೂರುವ ಒಂದು ಕಯಾಕ್ ಇತ್ತು. ಹೀಗೆ ಎರಡು ದೋಣಿ ಆಯಿತು.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಹಿನ್ನೀರಿನ ದಂಡೆಯಲ್ಲಿ ಕಂಡ ಕಂಡಲ್ಲಿ ಡೇರೆ ಹಾಕುವ ಹಾಗಿಲ್ಲ. ಯಡವನಾಡಿನ ಕಡೆಯದು ಮೀಸಲು ಅರಣ್ಯ, ಅಲ್ಲಿ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕಾಲಿಡಬಾರದು. ಅಣೆಕಟ್ಟಿನ ಹತ್ತಿರದ ನೀರಿಗೆ ಹೋಗಲೇಬಾರದು. ನಾವು ಉಳಿದದ್ದು ತೋಟದ ಸ್ವಂತ ಜಾಗದಲ್ಲಿ, ದೋಣಿ ಇಳಿಸುವ ಬಗ್ಗೆಯೂ ಅವರೇ ಮೊದಲು ಕೇಳಿ ವಿಚಾರಿಸಿದ್ದರು. ಹಾಗೆ ಯಾರನ್ನೂ ಕೇಳದೆ ಹೋಗುವುದಾದರೆ ದಯವಿಟ್ಟು ಹೋಗಬೇಡಿ.

ಶುಕ್ರವಾರ

ಬೆಳಗ್ಗೆ ಆನೆಕಾಡು ದಾಟುವಾಗಲೇ ಹೊರ ಜಿಲ್ಲೆಯ ಕಾರುಗಳ ಸಾಲು. ಎಲ್ಲರೂ ಮಡಿಕೇರಿಗೆ. ಆ ರಜೆಯಲ್ಲಿ ರಾಜಾಸೀಟಿನಲ್ಲಿ ನಿಲ್ಲಲೂ ಜಾಗ ಇರುವುದಿಲ್ಲ. ನಾವು ಸುಂಟಿಕೊಪ್ಪದಲ್ಲಿ ಹೆದ್ದಾರಿ ಬಿಟ್ಟು ಒಳದಾರಿ ಹಿಡಿದ ಮೇಲೆ ಎದುರಿಗೆ ಸಿಕ್ಕಿದ್ದು ಕೂಲಿಯವರನ್ನು ಕರೆದುಕೊಂಡು ಹೋಗುವ ಜೀಪುಗಳು ಮಾತ್ರ. ಅರೇಬಿಕಾ ಕೊಯ್ಲು ಮುಗಿಯುತ್ತಾ ಬಂದಿತ್ತು, ರೋಬಸ್ಟಾ ಇನ್ನೇನು ಶುರು. ತೋಟದ ಕಣದಲ್ಲಿ ಕಾಫಿ ಹರಡಿದ್ದರು. ಒಣಗುತ್ತಿರುವ ಹಣ್ಣಿನ ಆ ಹುಳಿ ಹುಳಿ ವಾಸನೆ ಕೊಡಗಿನವರಿಗೆ ಬೇರೆ ಹೇಳಬೇಕಿಲ್ಲ.

ತೋಟದ ಯಜಮಾನರು ಮನೆಯಲ್ಲಿ ಕೂರಿಸಿ ಬೆಲ್ಲದ ಕಾಫಿ ಕೊಟ್ಟರು. ಆಮೇಲೆ ನೀರಿನ ಹತ್ತಿರ ಕರೆದುಕೊಂಡು ಹೋಗಿ ಎದುರಿಗೆ ಕೈ ತೋರಿಸಿದರು. "ಅಗೋ ಆ ಮೂಲೆ. ಬಾಣೆ ಜಾಗ. ನೀರು ತುಂಬಿದಾಗ ಮೂರು ಕಡೆಯೂ ನೀರು, ಹಿಂದೆ ಮಾತ್ರ ತೋಟ. ಸೋಲಾರ್ ಬೇಲಿ ಇದೆ, ಕಂದಕ ಇದೆ. ಕಾವಲಿನ ಶೆಡ್ ಇದೆ, ರಾತ್ರಿ ನಮ್ಮ ರೈಟ್ರು ಅಲ್ಲೇ ಮಲಗ್ತಾರೆ." ಬಾಣೆ ಅಂದರೆ ಗದ್ದೆಗೆ ಸೇರಿದ ಹುಲ್ಲು, ಮರಗಳ ಜಾಗ. ರೈಟ್ರು ಅಂದರೆ ತೋಟದ ಲೆಕ್ಕ, ಆಳುಗಳ ಕೆಲಸ ನೋಡಿಕೊಳ್ಳುವವರು. ಜೀಪಿನಲ್ಲೂ ಹೋಗಬಹುದಿತ್ತು. ಆದರೆ ದೋಣಿ ತಂದವರು ಜೀಪಿನಲ್ಲಿ ಯಾಕೆ ಹೋಗಬೇಕು?

ಕನೂಗೆ ಗಾಳಿ ತುಂಬಲು ಅರ್ಧ ಗಂಟೆ ಹಿಡಿಯಿತು. ಎರಡು ಪಕ್ಕಕ್ಕೆ ಎರಡು ಕೊಳವೆ, ತಳಕ್ಕೆ ಒಂದು. ಒಂದಕ್ಕೆ ತೂತಾದರೂ ಉಳಿದವು ತೇಲಿಸುತ್ತವೆ. ಮಕ್ಕಳಿಬ್ಬರೂ ಪಂಪ್ ಒತ್ತಲು ಜಗಳ ಮಾಡಿ, ಐದು ನಿಮಿಷಕ್ಕೆ ಸುಸ್ತಾಗಿ, ಅಪ್ಪಂದಿರಿಗೇ ಬಿಟ್ಟರು. ಸಾಮಾನು ಜೋಡಿಸುವುದರಲ್ಲಿ ಅಣ್ಣ ಬಹಳ ಗಟ್ಟಿ. ಅಕ್ಕಿ, ನೀರಿನ ಕ್ಯಾನು, ಕುಕ್ಕರು, ಒಲೆ, ಹೀಗೆ ಭಾರದ್ದೆಲ್ಲ ತಳಕ್ಕೆ, ದೋಣಿಯ ನಡುವಿಗೆ. ಹಾಸಿಗೆ, ಸ್ವೆಟರು ನೀರು ಹೋಗದ ಚೀಲದಲ್ಲಿ, ಚೀಲದ ಬಾಯಿ ಮೂರು ಸುತ್ತು ಮಡಚಿ ಕೊಂಡಿ ಹಾಕಿ. ಯಾವುದೂ ದೋಣಿಯ ಅಂಚಿಗಿಂತ ಮೇಲೆ ಬರಬಾರದು. ಭಾರ ಮೇಲೆ ಬಂದರೆ ದೋಣಿ ವಾಲುತ್ತದೆ, ಜೊತೆಗೆ ಗಾಳಿಯೂ ಅದನ್ನೇ ಹಿಡಿದು ತಳ್ಳುತ್ತದೆ. ಸಾಮಾನು ಒಂದೇ ಸಲಕ್ಕೆ ಹಿಡಿಸಲಿಲ್ಲ, ಅಣ್ಣ ಮತ್ತೆ ಬಂದು ತಂದ.

ಲೈಫ್ ಜಾಕೆಟ್ ಇಲ್ಲದೆ ಯಾರೂ ನೀರಿನ ಹತ್ತಿರ ಹೋಗುವ ಹಾಗಿಲ್ಲ ಅನ್ನುವುದು ಮೊದಲಿನಿಂದ ಇದ್ದ ಮಾತು. ಈಜು ಬರುವವರಿಗೂ ಇಲ್ಲ. ಅಮ್ಮ ಸೀರೆ, ಸ್ವೆಟರ್, ಅದರ ಮೇಲೆ ಕಿತ್ತಳೆ ಬಣ್ಣದ ಜಾಕೆಟ್ ಹಾಕಿಕೊಂಡು ದಂಡೆಯಲ್ಲಿ ನಿಂತರು. ಅಣ್ಣ ಮೊಣಕಾಲುದ್ದದ ನೀರಿನಲ್ಲಿ ನಿಂತು ದೋಣಿ ಹಿಡಿದುಕೊಂಡ. "ಅಮ್ಮಾ, ಕಾಲು ನಡುವಿಗೆ ಇಡು. ಎರಡೂ ಕೈ ಎರಡೂ ಅಂಚಿಗೆ. ಹಾಂ, ಈಗ ಬಗ್ಗಿ ಕೂತ್ಕೋ, ನಿಂತುಕೊಳ್ಳಬೇಡ." ಅಮ್ಮ ಹೇಳಿದ ಹಾಗೇ ಮಾಡಿದರು. ದಂಡೆ ಬಿಟ್ಟು ಸ್ವಲ್ಪ ದೂರ ಹೋಗುವ ತನಕ ಒಂದು ಮಾತೂ ಇಲ್ಲ. ಆಮೇಲೆ ಅಂಚಿನಿಂದ ಒಂದು ಕೈ ತೆಗೆದು ನೀರಿಗೆ ಅದ್ದಿ, "ತೊಟ್ಟಿಲಲ್ಲಿ ಕೂತ ಹಾಗಿದೆ ಕಣೋ" ಅಂದರು.

ಹದಿನೈದು ಇಪ್ಪತ್ತು ನಿಮಿಷದ ದಾರಿ ಅಷ್ಟೇ. ಅಲ್ಲಿಗೇ ಆವತ್ತಿನ ದೋಣಿ ಸಾಕು ಅಂದುಕೊಂಡೆವು. ಮನೆಮಂದಿ ಎಲ್ಲ ಹೋಗುವಾಗ ದಿನಕ್ಕೆ ಇಷ್ಟು ದೂರ ಹೋಗಲೇಬೇಕು ಅಂತ ಲೆಕ್ಕ ಹಾಕಿಕೊಂಡರೆ ಅದು ರಜೆ ಆಗುವುದಿಲ್ಲ. ಒಂದೇ ಕಡೆ ಡೇರೆ, ಅಲ್ಲಿಂದ ಗಾಳಿ ಇಲ್ಲದ ಹೊತ್ತಿನಲ್ಲಿ ಸಣ್ಣ ಸಣ್ಣ ಸುತ್ತಾಟ, ಮಿಕ್ಕ ಹೊತ್ತು ಸುಮ್ನೆ ಕೂರುವುದು. ಅತ್ತಿಗೆಯ ಈ ಮಾತನ್ನು ಎಲ್ಲರೂ ಒಪ್ಪಿದ್ದೆವು.

ಡೇರೆಗಳನ್ನು ಸಿಲ್ವರ್ ಓಕ್ ಮರಗಳಿಂದ ಸ್ವಲ್ಪ ಆಚೆ, ಬಯಲಲ್ಲಿ ಹಾಕಿದೆವು. ಸಿಲ್ವರ್ ಓಕ್ ರೆಂಬೆ ಗಾಳಿಗೆ ಮುರಿದು ಬೀಳುವುದು ತೋಟದವರಿಗೆಲ್ಲ ಗೊತ್ತು. ಸಂಜೆ ರೈಟ್ರು ಬಂದು ಬೇಲಿಗೆ ಕರೆಂಟ್ ಬಿಟ್ಟು ಮಕ್ಕಳನ್ನು ಕರೆದು ತೋರಿಸಿದರು. "ಮಕ್ಳೇ, ಈ ತಂತಿ ಮುಟ್ಟಬಾರದು. ಕತ್ತಲಾದ ಮೇಲೆ ಬೇಲಿಯಾಚೆ ಹೋಗಬಾರದು. ಹಣ್ಣಿನ ಸಿಪ್ಪೆ, ಬಾಳೆಹಣ್ಣು ಏನೂ ಹೊರಗೆ ಇಡಬಾರದು, ಆನೆಗೆ ವಾಸನೆ ಗೊತ್ತಾಗುತ್ತೆ." ಅಮ್ಮನ ಕಡೆ ತಿರುಗಿ, "ನೀವೇನೂ ಹೆದರಬೇಡಿ ಅಮ್ಮ, ನಾನು ಇಲ್ಲೇ ಇರ್ತೀನಿ" ಅಂದರು. ರಾತ್ರಿಗೆ ಅನ್ನ, ಬಸ್ಸಾರು. ಚಳಿ ಎಷ್ಟಿತ್ತು ಅಂದರೆ ಎಂಟೂವರೆಗೇ ಎಲ್ಲರೂ ಡೇರೆಯೊಳಗೆ.

ಶನಿವಾರ

ಆರೂವರೆಗೆ ಎದ್ದರೆ ನೀರೇ ಇಲ್ಲ. ಮಂಜು ಅಷ್ಟು ದಟ್ಟ. ಎಲ್ಲಿ ದಂಡೆ ಮುಗಿಯಿತು ಅಂತ ಕಾಲಿಗೆ ಮಾತ್ರ ಗೊತ್ತಾಗುತ್ತಿತ್ತು. ಎದುರಿನ ದಂಡೆ ಕಾಣುವ ತನಕ ದೋಣಿ ಇಳಿಸುವುದು ಬೇಡ ಅಂತ ಅಣ್ಣ ಹೇಳಿದ. ಕಾಫಿ ಕುಡಿದೆವು, ಮತ್ತೆ ಕುಡಿದೆವು. ಏಳೂಮುಕ್ಕಾಲಿನ ಹೊತ್ತಿಗೆ ಎದುರಿನ ಗುಡ್ಡದ ನೆತ್ತಿ ಕಂಡಿತು, ಆಮೇಲೆ ಮರಗಳು, ಕೊನೆಗೆ ನೀರು. ಒಂದು ಅಲೆ ಇರಲಿಲ್ಲ.

ಕನೂದಲ್ಲಿ ನಾವು ಮೂರು ಜನ. ಮುಂದೆ ಮಗಳು, ನಡುವೆ ನಾನು, ಹಿಂದೆ ನಮ್ಮನೆಯವರು. ಕಯಾಕಿನಲ್ಲಿ ಅಣ್ಣ ಮತ್ತು ಅವನ ಮಗ. ಅಮ್ಮ, ಅತ್ತಿಗೆ ದಂಡೆಯಲ್ಲೇ ಇದ್ದರು. ಕನೂಗೆ ಒಬ್ಬೊಬ್ಬರಿಗೆ ಒಂದೇ ಅಲಗಿನ ಹುಟ್ಟು. ಮುಂದಿನವರದು ತಾಳ, ಹಿಂದಿನವರದು ದಿಕ್ಕು. ಹಿಂದೆ ಕೂತವರು ಬಲಗಡೆ ಮಾತ್ರ ಹುಟ್ಟು ಹಾಕಿದರೆ ದೋಣಿ ಎಡಕ್ಕೆ ತಿರುಗುತ್ತಾ ಹೋಗುತ್ತದೆ. ಅದಕ್ಕೆ ಹುಟ್ಟನ್ನು ಹಿಂದಕ್ಕೆ ಎಳೆದ ಮೇಲೆ ಕೊನೆಯಲ್ಲಿ ಹೆಬ್ಬೆರಳು ಕೆಳಗೆ ಬರುವ ಹಾಗೆ ಮಣಿಕಟ್ಟು ತಿರುಗಿಸಿ, ಅಲಗಿನಿಂದ ನೀರನ್ನು ಸ್ವಲ್ಪ ಆಚೆಗೆ ತಳ್ಳಬೇಕು. ನೀರಿನಲ್ಲಿ ಇಂಗ್ಲಿಷಿನ ಜೆ ಅಕ್ಷರ ಬರೆದ ಹಾಗೆ ಆಗುವುದರಿಂದ ಜೆ ಸ್ಟ್ರೋಕ್ ಅನ್ನುತ್ತಾರೆ. ಇದು ಕೈಗೆ ಕೂತರೆ ಹುಟ್ಟನ್ನು ಎಡಕ್ಕೆ ಬಲಕ್ಕೆ ಬದಲಾಯಿಸುವ ಕೆಲಸವೇ ಇಲ್ಲ, ದೋಣಿ ನೆಟ್ಟಗೆ ಹೋಗುತ್ತದೆ, ಸದ್ದೂ ಆಗುವುದಿಲ್ಲ. ಮಗಳು ಅವಳಪ್ಪನ ಹತ್ತಿರ ಕಲಿತೇ ತೀರುತ್ತೇನೆ ಅಂತ ವಾಪಸ್ ಬರುವಾಗ ಹಿಂದಿನ ಸೀಟಿಗೆ ಬಂದಳು. ಕೈ ಸಣ್ಣದು, ಹುಟ್ಟು ಉದ್ದ. ಆದರೂ ಡೇರೆ ಹತ್ತಿರ ಬರುವಷ್ಟರಲ್ಲಿ ದೋಣಿ ಅವಳ ಮಾತು ಕೇಳುತ್ತಿತ್ತು. ಅವಳ ಮುಖದಲ್ಲಿ ಆಗ ಇದ್ದ ಗಾಂಭೀರ್ಯ ನನಗೆ ಪರೀಕ್ಷೆಯ ದಿನವೂ ಕಂಡಿಲ್ಲ.

ನಾವು ದಂಡೆಗೆ ಹತ್ತಿರದಲ್ಲೇ, ಒಂದು ಸಂದಿಯೊಳಗೆ ಮೇಲಕ್ಕೆ ಹೋದೆವು. ನೀರಿನಿಂದ ಒಣಗಿದ ಮರದ ಬೊಡ್ಡೆಗಳು ಎದ್ದು ನಿಂತಿವೆ. 1982ರಲ್ಲಿ ಅಣೆಕಟ್ಟು ಮುಗಿದು ನೀರು ನಿಂತಾಗ ಮುಳುಗಿದ ಮರಗಳ ಬುಡ ಇವು. ಒಂದೊಂದರ ಮೇಲೂ ಒಂದೊಂದು ನೀರುಕಾಗೆ ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುತ್ತಾ ಕೂತಿತ್ತು. ಕತ್ತು ಮಾತ್ರ ನೀರಿನ ಮೇಲೆ ಬಿಟ್ಟುಕೊಂಡು ಈಜುವ ಹಾವಕ್ಕಿಯನ್ನು ನೋಡಿ ಅಣ್ಣನ ಮಗ ನಿಜವಾಗಿಯೂ ಹಾವು ಅಂದುಕೊಂಡ. ಕಪ್ಪುಬಿಳಿ ಮಿಂಚುಳ್ಳಿ ಒಂದು ಗಾಳಿಯಲ್ಲಿ ನಿಂತಲ್ಲೇ ರೆಕ್ಕೆ ಬಡಿದು ಕಲ್ಲು ಬಿದ್ದಂತೆ ನೀರಿಗೆ ಬಿತ್ತು, ಮೀನು ಸಿಗಲಿಲ್ಲ, ಮತ್ತೆ ಮೇಲೆ ಹೋಗಿ ನಿಂತಿತು. ಮೇಲೆ ಗರುಡ. ಅದಕ್ಕಿಂತ ಎತ್ತರದಲ್ಲಿ ಆಸ್ಪ್ರೇ ಅನ್ನುವ ಮೀನು ಹಿಡಿಯುವ ಹದ್ದು, ಚಳಿಗಾಲಕ್ಕೆ ಉತ್ತರದಿಂದ ಬರುವಂಥದ್ದು. ತೋಟದ ಕಡೆಯಿಂದ ಮಂಗಟ್ಟೆಯ ಕೂಗು.

ನೀರಿನ ಮೇಲೆ ಕಾಣುವ ಬೊಡ್ಡೆಗಿಂತ ಕಾಣದ ಬೊಡ್ಡೆ ಗಾಳಿ ತುಂಬಿದ ದೋಣಿಗೆ ಅಪಾಯ. ಮುಂದೆ ಕೂತ ಮಗಳಿಗೆ ಅದನ್ನು ನೋಡುವ ಕೆಲಸ ಕೊಟ್ಟಿದ್ದೆವು. "ಎಡಗಡೆ ಮರ!" "ಅಪ್ಪಾ ನಿಧಾನ!" ಅಂತ ಕೂಗುತ್ತಲೇ ಇದ್ದಳು. ನೀರು ತಿಳಿಯಾಗಿದ್ದ ಕಡೆ ಎರಡು ಮೂರು ಅಡಿ ಕೆಳಗಿನ ಬುಡವೂ ಕಾಣುತ್ತಿತ್ತು. ಸಂದಿಯ ತುದಿಗೆ ಹೋಗುತ್ತಾ ಬಣ್ಣ ಬದಲಾಯಿತು. ಕೆಂಪು, ಆಮೇಲೆ ಹಾಲು ಹಾಕಿದ ಚಹಾದ ಬಣ್ಣ. ದಂಡೆ ನುಣ್ಣಗೆ, ಸಮತಟ್ಟಾಗಿ, ಇಳಿದು ನಡೆಯಬಹುದು ಅನ್ನುವ ಹಾಗೆ ಕಾಣುತ್ತಿತ್ತು. ನಮ್ಮನೆಯವರು ಇಳಿಯುವ ಮೊದಲು ಹುಟ್ಟಿನ ಹಿಡಿಯನ್ನು ಅದಕ್ಕೆ ಚುಚ್ಚಿ ನೋಡಿದರು. ಅರ್ಧ ಹುಟ್ಟು ಒಳಗೆ ಹೋಯಿತು, ಇನ್ನೂ ಗಟ್ಟಿ ನೆಲ ಸಿಗಲಿಲ್ಲ. ಎಳೆದಾಗ ಬುಳುಕ್ ಅಂತ ಬಂತು, ಹಿಡಿಯ ತುಂಬಾ ಬೂದಿ ಬಣ್ಣದ ಮೆತ್ತನೆ ಕೆಸರು. ಯಾರೂ ಇಳಿಯಲಿಲ್ಲ.

ಆ ಕೆಸರು ನೋಡಿ ನನಗೆ 2018ರ ಆಗಸ್ಟ್ ನೆನಪಾಯಿತು. ಕೊಡಗಿನವರು ಆ ತಿಂಗಳನ್ನು ಮರೆಯುವುದು ಹೇಗೆ? ಮಕ್ಕಂದೂರು, ಹಟ್ಟಿಹೊಳೆ, ಮಾದಾಪುರ, ಆ ಕಡೆಯ ಗುಡ್ಡಗಳು ಜಾರಿ, ಮನೆ ತೋಟ ಎಲ್ಲ ಎಳೆದುಕೊಂಡು ಕೆಳಗೆ ಬಂದವು. ಆ ಹೊಳೆಗಳ ನೀರು ಸೇರುವುದು ಇದೇ ಹಾರಂಗಿಗೆ. ಅಂದು ಬಂದ ಮಣ್ಣಿನಲ್ಲಿ ಎಷ್ಟೋ ಪಾಲು ಈ ಜಲಾಶಯದ ತಳದಲ್ಲೇ ಕೂತಿದೆ. ಹೂಳು ತೆಗೆಯುವ ಮಾತು ಆಮೇಲೆ ಪೇಪರಿನಲ್ಲಿ ಬಹಳ ಸಲ ಬಂತು. 8.5 ಟಿಎಂಸಿ ಹಿಡಿಯುವ ಜಲಾಶಯ ಅಂತ ಲೆಕ್ಕ. ನೀರಿನ ಲೆಕ್ಕ ಓದುವಾಗ ಈ ಮಣ್ಣೂ ನಮ್ಮ ಕಣ್ಣಿಗೆ ಬರಬೇಕು. ಕೆಳಗೆ ಮೈಸೂರು, ಹಾಸನ ಜಿಲ್ಲೆಯ ಗದ್ದೆಗಳಿಗೂ ಇದೇ ನೀರು ಹೋಗಬೇಕು ಅಲ್ವಾ? ಮಗಳು "ಅಮ್ಮ, ಇದರಲ್ಲಿ ಮನೆಗಳ ಮಣ್ಣೂ ಇದೆಯಾ?" ಅಂತ ಕೇಳಿದಳು. ಇರಬಹುದು ಪುಟ್ಟ ಅಂದೆ. ಸ್ವಲ್ಪ ಹೊತ್ತು ಯಾರೂ ಹುಟ್ಟು ಹಾಕಲಿಲ್ಲ.

ಹತ್ತು ಗಂಟೆಗೆ ವಾಪಸ್. ಹತ್ತೂವರೆಗೆ ಸರಿಯಾಗಿ ಗಾಳಿ ಶುರುವಾಯಿತು. ಯಜಮಾನರು ಮೊದಲೇ ಹೇಳಿದ್ದರು, ಬಿಸಿಲು ಏರಿದ ಮೇಲೆ ಗಾಳಿ ಎದ್ದರೆ ಸಂಜೆ ನಾಲ್ಕರ ತನಕ ಬಿಡುವುದಿಲ್ಲ ಅಂತ. ಹಾಗೇ ಆಯಿತು. ಕನೂ ಹಗುರ, ಬದಿ ಎತ್ತರ, ಗಾಳಿಗೆ ಎದುರಾಗಿ ಅದನ್ನು ಓಡಿಸುವುದು ಮಕ್ಕಳ ಜೊತೆ ಹೋದವರ ಕೆಲಸವಲ್ಲ. ದೋಣಿ ಎಳೆದು ಮೇಲೆ ಹಾಕಿ ಮರಕ್ಕೆ ಕಟ್ಟಿದೆವು. ಇಲ್ಲದಿದ್ದರೆ ಗಾಳಿಯೇ ಅದನ್ನು ಆಚೆ ದಂಡೆಗೆ ತಲುಪಿಸುತ್ತಿತ್ತು.

ಅಷ್ಟು ಹೊತ್ತಿಗೆ ಅಮ್ಮ, ಅತ್ತಿಗೆ ಸೇರಿ ಅಕ್ಕಿರೊಟ್ಟಿ ತಟ್ಟುತ್ತಿದ್ದರು. ಅನ್ನ ಅಕ್ಕಿಹಿಟ್ಟು ಸೇರಿಸಿ ನಾದಿದ ಕೊಡಗಿನ ರೊಟ್ಟಿ, ಮೊದಲು ಕಾವಲಿ, ಆಮೇಲೆ ನೇರ ಕೆಂಡದ ಮೇಲೆ. ಉಬ್ಬಿ ಬಂದದ್ದಕ್ಕೆ ತುಪ್ಪ. ಜೊತೆಗೆ ಸಿಹಿಗುಂಬಳದ ಪಲ್ಯ, ಮನೆಯಿಂದ ತಂದ ಎಳ್ಳು ಚಟ್ನಿ. ಊಟ ಆದ ಮೇಲೆ ಒಬ್ಬೊಬ್ಬರು ಒಂದೊಂದು ನೆರಳು ಹಿಡಿದು ಮಲಗಿದರು. ಸಂಜೆ ಗಾಳಿ ನಿಂತಾಗ ಮಕ್ಕಳನ್ನು ಕಯಾಕಿನಲ್ಲಿ ಕೂರಿಸಿ, ಕಯಾಕಿಗೆ ಉದ್ದ ಹಗ್ಗ ಕಟ್ಟಿ, ದಂಡೆಯಲ್ಲೇ ಬಿಟ್ಟೆವು. ಹಗ್ಗದ ತುದಿ ಅತ್ತಿಗೆಯ ಕೈಯಲ್ಲಿ. ಕತ್ತಲಾಗುವ ತನಕ ಎಳೆದು ಎಳೆದು ಸಾಕಾಯಿತು ಅವರಿಗೆ.

ಭಾನುವಾರ

ಬೆಳಗ್ಗೆಯೇ ಗಾಳಿ. ಮಂಜೂ ಇಲ್ಲ. ನೀರು ಸಣ್ಣಗೆ ಬೆಳ್ಳಗೆ ಮುರಿಯುತ್ತಿತ್ತು. ಇವತ್ತು ದೋಣಿ ಬೇಡ ಅಂತ ತೀರ್ಮಾನ ಮಾಡಲು ಯಾರಿಗೂ ಕಷ್ಟ ಆಗಲಿಲ್ಲ.

ಮೀನು ಹಿಡಿಯುವ ಅಣ್ಣ ತಮ್ಮಂದಿರು ಮಾತ್ರ ಆ ಗಾಳಿಯಲ್ಲೂ ತೆಪ್ಪದಲ್ಲಿ ಬಲೆ ಎತ್ತಿಕೊಂಡು ಬಂದರು. ತೆಪ್ಪ ಗುಂಡಗಿರುವುದರಿಂದ ಅದಕ್ಕೆ ಮುಂದೆ ಹಿಂದೆ ಇಲ್ಲ. ಅವರು ಒಂದೇ ಹುಟ್ಟನ್ನು ಎದುರಿಗೆ ನೀರಿನಲ್ಲಿ ಆ ಕಡೆ ಈ ಕಡೆ ಆಡಿಸಿ ತೆಪ್ಪವನ್ನು ತಮ್ಮ ಕಡೆಗೆ ಎಳೆದುಕೊಳ್ಳುತ್ತಾರೆ. ನಮ್ಮನೆಯವರು ಹತ್ತು ನಿಮಿಷ ಅದನ್ನೇ ನೋಡುತ್ತಾ ನಿಂತರು. "ಅಕ್ಕ, ಜಿಲೇಬಿ ಬೇಕಾ? ಈಗ ತೆಗೆದದ್ದು" ಅಂತ ದೊಡ್ಡವರು ಕೇಳಿದರು. ಜಿಲೇಬಿ ಮೀನು ಒಂದು ಕೆ.ಜಿ., ಸಣ್ಣದೊಂದು ಕಾಟ್ಲಾ ತೆಗೆದುಕೊಂಡೆವು. ಮಹಶೀರ್ ಸಿಗುತ್ತಾ ಅಂತ ಅಣ್ಣ ಕೇಳಿದ. ಅವರು ತಲೆ ಅಲ್ಲಾಡಿಸಿದರು. "ಅದು ಹೊಳೆ ಮೀನು ಸಾರ್. ಹರಿಯೋ ನೀರು ಬೇಕು ಅದಕ್ಕೆ." ನಿಜ. ಕಾವೇರಿಯ ಡುಬ್ಬದ ಮಹಶೀರ್ ಈಗ ಅಳಿವಿನ ಅಂಚಿನಲ್ಲಿದೆ, 2018ರಲ್ಲಿ ಅದನ್ನು ಅತಿ ಅಪಾಯದ ಪಟ್ಟಿಗೆ ಸೇರಿಸಿದರು. ಹಾರಂಗಿಯಲ್ಲೇ ಮೀನುಗಾರಿಕೆ ಇಲಾಖೆಯವರು ಮಹಶೀರ್ ಮರಿ ಮಾಡುವ ಕೆಲಸ ಮಾಡುತ್ತಾರೆ. ಮರಿ ಬಿಟ್ಟರೆ ಸಾಲದು, ಹರಿಯುವ ಹೊಳೆಯೂ ಉಳಿಯಬೇಕು.

ಜಿಲೇಬಿ ಮೀನಿಗೆ ಅತ್ತಿಗೆ ಖಾರದಪುಡಿ, ಅರಿಶಿನ, ಉಪ್ಪು, ಒಂದಿಷ್ಟು ಕಾಚಂಪುಳಿ ಸವರಿ ಅರ್ಧ ಗಂಟೆ ಇಟ್ಟರು. ನಿಂಬೆಹುಳಿಗೂ ಕಾಚಂಪುಳಿಗೂ ಹೋಲಿಕೆಯೇ ಇಲ್ಲ. ಕಪ್ಪಗೆ ಗಟ್ಟಿಯಾಗಿ ಬಾಟಲಿಯಿಂದ ನಿಧಾನವಾಗಿ ಇಳಿಯುವ ಆ ಹುಳಿ ಮೀನಿನ ಮೈಗೆ ಹಿಡಿದುಕೊಂಡು, ಕಾವಲಿಯಲ್ಲಿ ಬೆಂದಾಗ ಅಂಚು ಕರಿದ ಹಾಗೆ ಗರಿಗರಿ ಆಗುತ್ತದೆ. ಮುಳ್ಳು ಜಾಸ್ತಿ ಅಂತ ಅಮ್ಮ ಮಕ್ಕಳ ತಟ್ಟೆಗೆ ಬಿಡಿಸಿ ಬಿಡಿಸಿ ಹಾಕಿದರು, ತಾವು ತಿಂದದ್ದು ಕೊನೆಗೆ.

ಮಧ್ಯಾಹ್ನ ತೋಟದೊಳಗೆ ನಡೆದಾಡಿದೆವು. ಕೂಲಿಯವರು ಇರುವ ಲೈನ್ ಮನೆಗಳ ಹತ್ತಿರ ಭಾನುವಾರದ ಬಟ್ಟೆ ಒಗೆಯುವ ಗಡಿಬಿಡಿ. ಈಗ ಅಸ್ಸಾಮಿನಿಂದ ಬಂದ ಕುಟುಂಬಗಳೇ ಜಾಸ್ತಿ. ಅಲ್ಲಿಯ ಒಬ್ಬ ಹುಡುಗಿ ನನ್ನ ಮಗಳ ವಯಸ್ಸಿನವಳು, ಅವಳೂ ಕನ್ನಡ ಶಾಲೆಗೆ ಹೋಗುತ್ತಾಳೆ. ಇಬ್ಬರೂ ಸ್ವಲ್ಪ ಹೊತ್ತಿಗೇ ಗೆಳತಿಯರಾಗಿ ಕಣದ ಅಂಚಿನಲ್ಲಿ ಕುಂಟೆಬಿಲ್ಲೆ ಆಡಿದರು. ಕಾಫಿ ಗಿಡಗಳ ನಡುವೆ ಕಿತ್ತಳೆ ಮರ ಅಲ್ಲೊಂದು ಇಲ್ಲೊಂದು ಉಳಿದಿವೆ. ಕೊಡಗಿನ ಕಿತ್ತಳೆಗೆ ಜಿಐ ಟ್ಯಾಗ್ ಇದೆ, ಆದರೆ ರೋಗ ಬಂದು ಮರಗಳು ಒಣಗುತ್ತಾ ಬಂದು, ಈಗ ಹಣ್ಣೇ ಅಪರೂಪ. ರೈಟ್ರು ನಾಲ್ಕು ಕಿತ್ತು ಕೊಟ್ಟರು. ಸಿಪ್ಪೆ ಸಡಿಲ, ಹಸಿರು ಹಳದಿ ಬಣ್ಣ, ನೋಡಲು ಏನೂ ಚೆನ್ನಾಗಿಲ್ಲ. ತಿಂದರೆ ಆ ಹುಳಿ ಸಿಹಿ ಬೇರೆ ಯಾವ ಕಿತ್ತಳೆಗೂ ಇಲ್ಲ. ಸಿಪ್ಪೆ ಎಲ್ಲ ಚೀಲಕ್ಕೆ ಹಾಕಿ ಕಟ್ಟಿದೆವು, ರೈಟ್ರ ಮಾತು ನೆನಪಿತ್ತು.

ಸಂಜೆ ಐದರ ಹೊತ್ತಿಗೆ ಗಾಳಿ ಇಳಿಯಿತು. ನಾನೂ ಅತ್ತಿಗೆಯೂ ಮಾತ್ರ ಕನೂ ತೆಗೆದುಕೊಂಡು ಹತ್ತಿರದ ಬಂಡೆಯ ತನಕ ಹೋದೆವು. ಗಂಡಸರಿಲ್ಲ, ಮಕ್ಕಳಿಲ್ಲ. ಬಂಡೆಯ ಮೇಲೆ ಒಣಗಿದ ಹಿಕ್ಕೆ ಬಿದ್ದಿತ್ತು. ಅತ್ತಿಗೆ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವವರು, ಒಂದು ಕಡ್ಡಿ ತೆಗೆದುಕೊಂಡು ಅದನ್ನು ಬಿಡಿಸಿದರು. ಒಳಗೆಲ್ಲ ಮೀನಿನ ಹುರುಪೆ, ಬೆಳ್ಳಿಯ ಚೂರು ಹೊಳೆದ ಹಾಗೆ. ಒಂದೆರಡು ಏಡಿ ಚಿಪ್ಪಿನ ತುಂಡು. "ನೀರುನಾಯಿ" ಅಂದರು. ಕುಟುಂಬವಾಗಿ ಇರುವ ಪ್ರಾಣಿ, ಒಂದೇ ಬಂಡೆಗೆ ಬಂದು ಹಿಕ್ಕೆ ಹಾಕಿ ಇದು ನಮ್ಮ ಜಾಗ ಅಂತ ಗುರುತು ಮಾಡುತ್ತವೆ ಅಂತ ವಿವರಿಸಿದರು. ಮಾತಾಡದೆ ಕಾಲು ಗಂಟೆ ಕೂತೆವು. ಕೊನೆಗೆ ಆಚೆ ದಂಡೆಯ ಹತ್ತಿರ ನೀರು ಮೂರು ಕಡೆ ಮೂರು ಗೆರೆಯಾಗಿ ಸೀಳಿತು. ಚಪ್ಪಟೆ ತಲೆಗಳು. ಒಂದು ಎದ್ದು ನಮ್ಮ ಕಡೆ ನೋಡಿ ಉಸಿರು ಬಿಟ್ಟ ಸದ್ದು ನಮಗೆ ಕೇಳಿಸಿತು. ಅತ್ತಿಗೆ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಿದ್ದರು. ಇಷ್ಟು ವರ್ಷ ಪಾಠ ಮಾಡಿದ್ದಾರೆ, ಕಾಡಿನಲ್ಲಿ ನೋಡಿದ್ದು ಇದೇ ಮೊದಲು.

ರಾತ್ರಿ ಹತ್ತರ ಮೇಲೆ ಆನೆ ಬಂತು. ನಮ್ಮ ಕಡೆ ಅಲ್ಲ, ನೀರಿನ ಆಚೆ. ಮೊದಲು ಬಿದಿರು ಮುರಿಯುವ ಸದ್ದು, ಪಟಾರ್ ಅಂತ, ನೀರಿನ ಮೇಲೆ ಹಾದು ಬಂದು ಪಕ್ಕದಲ್ಲೇ ಆದ ಹಾಗೆ. ಆಮೇಲೆ ನೀರಿಗೆ ಇಳಿದ ಸದ್ದು. ಆನೆ ಚೆನ್ನಾಗಿ ಈಜುತ್ತದೆ, ಹಿನ್ನೀರು ದಾಟುವುದು ಅವಕ್ಕೆ ದೊಡ್ಡ ವಿಷಯವಲ್ಲ. ರೈಟ್ರು ಎದ್ದು ಬಂದು ಎಲ್ಲರನ್ನೂ ಶೆಡ್ಡಿಗೆ ಕರೆದರು. ಯಾರೂ ಟಾರ್ಚ್ ಬಿಡಬಾರದು, ಕೂಗಬಾರದು ಅಂದರು. ಯಜಮಾನರಿಗೆ ಫೋನ್ ಮಾಡಿದರು. ತೋಟದವರ ವಾಟ್ಸಾಪ್ ಗುಂಪಿನಲ್ಲಿ ಎಲ್ಲಿ ಎಷ್ಟು ಆನೆ ಇದೆ ಅಂತ ಆಗಲೇ ಮೆಸೇಜ್ ಓಡಾಡುತ್ತಿತ್ತು. ಅಣ್ಣನ ಮಗ ಅಮ್ಮನ ಸೆರಗಿನೊಳಗೆ. "ಅಜ್ಜಿ, ಅದಕ್ಕೆ ಚಳಿ ಆಗಲ್ವಾ?" ಅಂತ ಪಿಸುಗುಟ್ಟಿದ. ಅರ್ಧ ಗಂಟೆಯಲ್ಲಿ ಸದ್ದು ದೂರ ಹೋಯಿತು, ರೈಟ್ರು ಇನ್ನು ಮಲಗಿ ಅಂದರೂ ನಾವು ಡೇರೆಗೆ ಹೋಗದೆ ಶೆಡ್ಡಿನಲ್ಲೇ ಮಲಗಿದೆವು.

ನಮಗೆ ಅದೊಂದು ರಾತ್ರಿಯ ಅನುಭವ. ರೈಟ್ರಿಗೆ, ಬೆಳಗ್ಗೆ ಏಳಕ್ಕೆ ತೋಟದೊಳಗೆ ನಡೆದು ಹೋಗಬೇಕಾದ ಆ ಲೈನ್ ಮನೆಯ ಹೆಂಗಸರಿಗೆ ಅದು ದಿನಾ ಇರುವ ಭಯ. ಕೊಡಗಿನಲ್ಲಿ ಕಾಫಿ ಕೊಯ್ಯಲು ಹೋದವರು ಆನೆ ದಾಳಿಗೆ ಸಿಕ್ಕ ಸುದ್ದಿ ಎಷ್ಟು ಓದಿಲ್ಲ ನಾವು? ಆನೆಗೂ ಹೋಗಲು ದಾರಿ ಬೇಕು, ಅವರಿಗೂ ಕೆಲಸಕ್ಕೆ ಹೋಗಬೇಕು. ಪ್ರವಾಸಕ್ಕೆ ಬಂದವರು ಇಲ್ಲಿ ಸ್ಪೀಕರ್ ಹಾಕಿ ಕುಣಿದು, ತಿಂದದ್ದು ಉಳಿದದ್ದು ಎಸೆದು ಹೋದರೆ ಆಮೇಲೆ ಅದರ ಕಷ್ಟ ಇವರಿಗೆ. ನನಗೆ ಇದು ಬಹಳ ಬೇಜಾರಿನ ವಿಷಯ.

ಸೋಮವಾರ

ಹೊರಡುವ ದಿನ ನೀರು ಕನ್ನಡಿ. ಬೇಗ ಸಾಮಾನು ಕಟ್ಟಿ ಹೊರಡೋಣ ಅಂತ ನಮ್ಮ ಲೆಕ್ಕ. ಅಮ್ಮ ಜಾಕೆಟ್ ಹಾಕಿಕೊಂಡು ಬಂದು ನಿಂತರು. "ನನಗೆ ಆ ಕಡೆ ಒಂದು ಸುತ್ತು ಹೊಡೆಸಿ" ಅಂದರು. ಯಾರೂ ಕರೆದಿರಲಿಲ್ಲ, ಅವರೇ ಕೇಳಿದ್ದು. ಹಿಂದೆ ಅಣ್ಣ, ಮುಂದೆ ಮೊಮ್ಮಗಳು, ನಡುವೆ ಅಮ್ಮ. ಒಂದು ಗಂಟೆ ಕಳೆದರೂ ವಾಪಸ್ ಇಲ್ಲ. ಬಂದ ಮೇಲೆ ಕೇಳಿದರೆ ಅಮ್ಮ ಅಲ್ಲಿಗೆ ಹೋಗೋಣ, ಇಲ್ಲಿಗೆ ಹೋಗೋಣ ಅಂತ ದಾರಿ ಹೇಳುತ್ತಲೇ ಇದ್ದರಂತೆ, ಕೊನೆಗೆ ಮೊಮ್ಮಗಳ ಹುಟ್ಟನ್ನೂ ಇಸಿದುಕೊಂಡು ಹಾಕಿದರಂತೆ.

ಡೇರೆ ಬಿಚ್ಚಿದ ಮೇಲೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಆ ಬಯಲನ್ನೆಲ್ಲ ಹುಡುಕಿಸಿದೆವು. ನಮ್ಮದಲ್ಲದ ಬಿಸ್ಕತ್ತಿನ ಕವರು, ಹಳೆ ಬಲೆಯ ತುಂಡು, ಒಂದು ಬಾಟಲಿ ಸಿಕ್ಕಿತು. ಅದೂ ಚೀಲಕ್ಕೆ. ಬಲೆಯ ತುಂಡು ನೀರಿನಲ್ಲಿ ಬಿಟ್ಟರೆ ನೀರುನಾಯಿ, ಹಾವಕ್ಕಿ ಸಿಕ್ಕಿಹಾಕಿಕೊಳ್ಳುತ್ತವೆ ಅಂತ ಅತ್ತಿಗೆ ಹೇಳಿದ್ದರು. ಒಲೆ ಹಾಕಿದ ಜಾಗಕ್ಕೆ ನೀರು ಸುರಿದು, ಕೈ ಇಟ್ಟು ನೋಡಿ, ಮತ್ತೆ ಸುರಿದೆವು. ಡಿಸೆಂಬರಿನ ಒಣ ತೋಟದಲ್ಲಿ ಕಿಡಿ ಉಳಿಯಬಾರದು.

ಕನೂವನ್ನು ಒದ್ದೆ ಮಡಚಿದರೆ ಬೂಷ್ಟು ಹಿಡಿಯುತ್ತದೆ. ಕಣದ ಅಂಚಿನಲ್ಲಿ ತಲೆಕೆಳಗು ಮಾಡಿ ಬಿಸಿಲಿಗೆ ಇಟ್ಟೆವು. ಅದು ಒಣಗುವ ಹೊತ್ತಿಗೆ ಯಜಮಾನರ ಮನೆಯಲ್ಲಿ ನೂಪುಟ್ಟು ಅಂದರೆ ಅಕ್ಕಿ ಶಾವಿಗೆ, ಕೋಳಿ ಸಾರು. ಬೇಸಿಗೆ ರಜೆಗೆ ಬನ್ನಿ ಅಂತ ಅವರು ಮನೆಮಂದಿಗೆಲ್ಲ ಹೇಳಿದರು, ಆದರೆ ದೋಣಿಗೆ ಆಗ ಬೇಡ ಅಂತಲೂ ಅವರೇ ಹೇಳಿದರು. ಮಾರ್ಚ್ ಏಪ್ರಿಲ್‌ಗೆ ನೀರು ಇಳಿದು ಬೊಡ್ಡೆಗಳೆಲ್ಲ ಹೊರಗೆ ಬರುತ್ತವೆ, ದಂಡೆ ಕೆಸರು. ಮಳೆಗಾಲದಲ್ಲಂತೂ ಕೆಂಪು ನೀರು ಏರುತ್ತಿರುತ್ತದೆ, ಹತ್ತಿರವೂ ಹೋಗಬಾರದು. ಮಳೆ ನಿಂತು ನೀರು ತಿಳಿಯಾದ ಮೇಲೆ, ಕೊಡಗಿನ ಸುಗ್ಗಿ ಹಬ್ಬ ಹುತ್ತರಿಯಿಂದ ಜನವರಿ ಮುಗಿಯುವ ತನಕ ಸರಿ.

ಅಣ್ಣನ ತಲೆಯಲ್ಲಿ ಈಗ ಚಿಕ್ಲಿಹೊಳೆ. ನಂಜರಾಯಪಟ್ಟಣದ ಹತ್ತಿರ, ಸಣ್ಣ ಜಲಾಶಯ, ನೀರು ತುಂಬಿ ಅರ್ಧಚಂದ್ರದ ಕಟ್ಟೆಯ ಮೇಲಿಂದ ಒಳಕ್ಕೆ ಇಳಿಯುವುದನ್ನು ನೋಡಿದವರು ಬಹಳ ಜನ ಇದ್ದೀರಿ. ಅದರ ಹಿನ್ನೀರಿಗೆ ದೋಣಿ ಇಳಿಸಬಹುದೇ, ಯಾರನ್ನು ಕೇಳಬೇಕು ಅಂತ ಅವನು ವಿಚಾರಿಸುತ್ತಿದ್ದಾನೆ. ಅಮ್ಮ ಮಾತ್ರ ಹಾರಂಗಿಗೇ ಮತ್ತೆ ಹೋಗೋಣ ಅನ್ನುತ್ತಾರೆ, ಆ ಸಂದಿಯ ಎಡಗಡೆ ಇನ್ನೊಂದು ಕವಲಿತ್ತಂತೆ, ಅದರೊಳಗೆ ಹೋಗುವುದು ಬಾಕಿ ಇದೆಯಂತೆ.